ತರುಕೇತು ನೆರಳು ಬಿಟ್ಟು ಬಂದದ್ದು

ಕಲಿದೇವರ ಆಶ್ರಮದಲ್ಲಿ ಕಲಿಸುತ್ತಿದ್ದದ್ದು ಒಂದೇ ಕಥೆ. ಯಕ್ಷರ ಅರಸ ತರುಕೇತುವಿನ ಹುಟ್ಟು, ಆಳ್ವಿಕೆ, ಮರಣ.

ಹುಟ್ಟನ್ನೂ ಆಳ್ವಿಕೆಯನ್ನೂ ಹೊಂಗೆಯ ಮರದಡಿ ಕೂತು ಹೇಳಬಹುದು. ಮರಣವನ್ನು ಮಾತ್ರ ಬಯಲಿನಲ್ಲಿ, ಬಿಸಿಲಿಗೆ ತಲೆಯೊಡ್ಡಿ, ನಿಂತೇ ಹೇಳಬೇಕು. ಮಾಗಿಯ ಚಳಿಯಲ್ಲೂ ಅದೇ ನಿಯಮ, ನಡುಬೇಸಿಗೆಯಲ್ಲೂ ಅದೇ ನಿಯಮ.

ಅದು ನಡುಬೇಸಿಗೆ. ಹೊಳೆಯ ಮರಳು ಕಾದಿತ್ತು. ಶಿಷ್ಯ ಬಂಕಯ್ಯ ಒಂದು ಕಾಲು ಇಟ್ಟು ಒಂದು ಕಾಲು ಎತ್ತುತ್ತ ಮರಣದ ಭಾಗ ಒಪ್ಪಿಸುತ್ತಿದ್ದ.

"ಕುಣಿಯಬೇಡ" ಎಂದರು ಕಲಿದೇವರು.

"ಕಾಲು ಸುಡ್ತಾ ಇದೆ, ಗುರುಗಳೇ."

"ನನ್ನದೂ ಸುಡುತ್ತಿದೆ. ಮುಂದೆ ಹೇಳು."

ಬಂಕಯ್ಯ ಮುಂದೆ ಹೇಳಿದ. ಯಕ್ಷರಿಗೆ ಮುಪ್ಪಿಲ್ಲ. ತಾನು ನೆಟ್ಟು ಬೆಳೆಸಿದ ಕಾಡಿನ ನೆರಳಲ್ಲಿ ನಿಂತಿರುವ ತನಕ ತರುಕೇತುವಿಗೆ ಸಾವೂ ಇಲ್ಲ. ಧೂಮಾಂಗನೆಂಬ ಅಸುರ ಸೈನ್ಯ ತಂದು ಕಾಡಿನಂಚಿನಲ್ಲಿ ಕಾದು ಕೂತ. ಬಾಣ ಬಿಟ್ಟ, ಬೆಂಕಿ ಇಟ್ಟ, ಬೈದ. ಏನೂ ಆಗಲಿಲ್ಲ. ಕೊನೆಗೆ ಕಾಡಿನ ಹೊರಗೆ ಗುಡಿಸಲು ಹಾಕಿಕೊಂಡಿದ್ದ ಇದ್ದಿಲು ಸುಡುವ ಮನುಷ್ಯರನ್ನು ಹಿಡಿದು ತಂದು ಬಯಲಲ್ಲಿ ಸಾಲಾಗಿ ನಿಲ್ಲಿಸಿದ. ನೀನು ಹೊರಗೆ ಬಂದರೆ ಇವರು ಒಳಗೆ ಹೋಗಬಹುದು ಎಂದು ಕೂಗಿದ.

ತರುಕೇತು ಹೊರಗೆ ಬಂದ. ಒಬ್ಬನೇ ಬಂದ. ಇದ್ದಿಲಿನವರ ಕೊನೆಯ ಕೂಸು ಮರಗಳ ಒಳಗೆ ಸೇರುವ ತನಕ ಅವನು ಬೀಳಲಿಲ್ಲ.

ಬಂಕಯ್ಯ ನಿಲ್ಲಿಸಿದ. ಮುಖದ ಬೆವರು ಒರೆಸಿಕೊಂಡ.

"ಗುರುಗಳೇ, ಒಂದು ಕೇಳಲೇ?"

"ಕೇಳು."

"ಆಳ್ವಿಕೆಯ ಭಾಗದಲ್ಲಿ ಇದ್ದಿಲಿನವರು ಅವನ ಹಸಿ ಮರ ಕದ್ದು ಕಡಿಯುತ್ತಾರೆ. ಅವನು ಬಂದು ಬೈಯುತ್ತಾನೆ. ಬೈದವನು ಅವರ ಒಲೆಯ ಮುಂದೆಯೇ ಕೂತು ಸುಟ್ಟ ಗೆಣಸು ತಿಂದು, ಕಿರೀಟಕ್ಕೆಲ್ಲ ಮಸಿ ಮಾಡಿಕೊಂಡು ಹೋಗುತ್ತಾನೆ. ಮಾರನೆಯ ದಿನ ಅವರು ಮತ್ತೆ ಕದಿಯುತ್ತಾರೆ. ಅಂಥವರಿಗಾಗಿ ಸತ್ತನೇ?"

"ಅಂಥವರು ನಿನ್ನ ಅಜ್ಜಂದಿರು."

"ನಮ್ಮವರು ಅಂತಲೇ ಕೇಳ್ತಾ ಇದ್ದೇನೆ. ನಮ್ಮವರನ್ನು ನಾನು ಬಲ್ಲೆ. ಸಾವೇ ಇಲ್ಲದವನು, ಇವತ್ತಲ್ಲ ನಾಳೆ ಸಾಯುವವರಿಗಾಗಿ ಯಾಕೆ ಸಾಯಬೇಕು?"

"ಹೊಳೆಗೆ ಹೋಗು. ಕಾಲು ತಣ್ಣಗೆ ಮಾಡಿಕೊಂಡು ಬಾ."

ಬಂಕಯ್ಯ ಓಡಿದ. ಮೊಣಕಾಲ ತನಕ ನೀರಲ್ಲಿ ನಿಂತ. ಮುಖ ತೊಳೆದ, ನೀರು ಕುಡಿದ, ನಿಧಾನವಾಗಿ ಬಂದ.

"ಈಗ ಹೇಳಿ, ಗುರುಗಳೇ."

"ನೀನು ಹೋದಾಗ ನಾನು ನೆರಳಿಗೆ ಹೋಗಲಿಲ್ಲ. ಇಲ್ಲೇ ನಿಂತಿದ್ದೆ. ಅದು ಯಾಕೆ ಅಂತ ಕೇಳಲಿಲ್ಲವಲ್ಲ ನೀನು" ಎಂದರು ಕಲಿದೇವರು.

ಬಂಕಯ್ಯನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅರ್ಥವಾಯಿತು ಎನ್ನುವ ಅಭ್ಯಾಸ ಆ ಆಶ್ರಮದಲ್ಲಿ ಇರಲಿಲ್ಲ.

ಆ ವಾರವೇ ದೋಣಿಯಲ್ಲಿ ಗೊಗ್ಗಿ ಬಂದ. ಹೊಳೆಯಾಚೆಯ ದೊರೆಗೆ ಅವನು ಪಡೆವಳ, ಸೈನ್ಯವೂ ಅವನದೇ, ಸಂದೇಶವೂ ಅವನದೇ. ಅವನ ತಲೆಯ ಮೇಲೆ ಕೊಡೆ ಹಿಡಿಯಲು ಒಬ್ಬ ಆಳು ಬಂದಿದ್ದ. ಮರದ ನೆರಳಿಗೆ ಬಂದ ಮೇಲೂ ಕೊಡೆ ಮಡಿಸಲಿಲ್ಲ.

"ಸ್ವಾಮಿಗಳೇ, ಹೊಸ ಕೋಟೆಗೆ ಹೆಬ್ಬಾಗಿಲು ನಿಲ್ಲಿಸ್ತಾ ಇದ್ದೇವೆ. ಆವತ್ತು ತರುಕೇತುವಿನ ಕಥೆ ಆಗಬೇಕು ಅಂತ ದೊರೆಯ ಅಪ್ಪಣೆ."

"ಆಗಲಿ."

"ಕೊನೆಯ ಭಾಗದಲ್ಲಿ ಒಂದು ಸಣ್ಣ ಬದಲಾವಣೆ."

"ಹೇಳಿ."

"ತರುಕೇತು ತಾನಾಗಿ ಹೊರಗೆ ಬರಲಿಲ್ಲ. ಇದ್ದಿಲಿನವರು ಧೂಮಾಂಗನ ಜೊತೆ ಒಳಗೊಳಗೇ ಸೇರಿಕೊಂಡು, ಸುಳ್ಳು ಅಳು ಅತ್ತು, ಅವನನ್ನು ಮೋಸದಿಂದ ಹೊರಗೆ ಕರೆಸಿ ಕೊಲ್ಲಿಸಿದರು. ಹೀಗೆ ಹೇಳಿದರೆ ಸಾಕು. ಉಳಿದದ್ದೆಲ್ಲ ನಿಮ್ಮಿಷ್ಟ."

"ಯಾಕೆ?"

ಗೊಗ್ಗಿ ನಕ್ಕ. "ಕೋಟೆಗೆ ಕಲ್ಲು ಹೊರ್ತಾ ಇರೋರು ಯಾರು, ನೋಡಿದ್ದೀರಲ್ಲ. ಅದೇ ಇದ್ದಿಲಿನ ಜನ. ಕೂಲಿಯಿಲ್ಲದ ಕೆಲಸ ಅಂತ ದಿನವೂ ಗೊಣಗ್ತಾರೆ. ಅಜ್ಜಂದಿರ ಪಾಪ ತೀರಿಸ್ತಾ ಇದ್ದೇವೆ ಅಂತ ಗೊತ್ತಾದರೆ ಗೊಣಗೋದು ನಿಲ್ಲುತ್ತೆ. ನಿಮ್ಮ ಬಾಯಿಂದ ಬಂದರೆ ನಂಬ್ತಾರೆ."

"ಆ ಕಥೆ ನನಗೆ ಬರುವುದಿಲ್ಲ."

"ಬರದಿದ್ದರೆ ಕಲೀರಿ."

"ವಯಸ್ಸಾಯಿತು. ಸುಳ್ಳನ್ನು ಎಳವೆಯಲ್ಲೇ ಶುರು ಮಾಡಬೇಕು, ನಿಮ್ಮ ಹಾಗೆ."

ಕೊಡೆ ಹಿಡಿದಿದ್ದ ಆಳು ಕೆಮ್ಮಿದ. ನಗುವನ್ನು ಮುಚ್ಚಿಕೊಳ್ಳಲು ಕೆಮ್ಮಿದ ಹಾಗಿತ್ತು. ಗೊಗ್ಗಿ ಅವನ ಕಡೆ ತಿರುಗಿದ, ಕೆಮ್ಮು ನಿಂತಿತು.

ಆಮೇಲೆ ಗೊಗ್ಗಿ ಬಂಕಯ್ಯನನ್ನು ನೋಡಿದ.

"ನೀನು ಬಾಚಯ್ಯನ ತಮ್ಮ ಅಲ್ಲವೇನೋ?"

"ಹೌದು."

"ಮುದುಕನೊಬ್ಬನಿಗೆ ಹೊಡೆದರು ಅಂತ ನಿನ್ನಣ್ಣ ಕಾವಲಿನವನ ಹಲ್ಲು ಮುರಿದಿದ್ದಾನೆ. ಕಾಲಿಗೆ ಕೋಳ ಬಿದ್ದಿದೆ. ಸಾಯೋ ತನಕ ಕಲ್ಲು ಹೊರೋದೇ. ನೀನು ಬಂದು ನಾನು ಹೇಳಿದ ಹಾಗೆ ಕಥೆ ಹೇಳು, ಆವತ್ತೇ ಅವನು ಮನೆಗೆ ಹೋಗ್ತಾನೆ. ಗುರುವಿಗೆ ವಯಸ್ಸಾಯಿತಂತೆ. ನಿನಗೆ ಆಗಿಲ್ಲವಲ್ಲ."

ಅಷ್ಟು ಹೇಳಿ ದೋಣಿ ಹತ್ತಿದ. ಕೊಡೆಯೂ ಹತ್ತಿತು.

ಬಂಕಯ್ಯ ಅಂದು ಉಣ್ಣಲಿಲ್ಲ. ಮಾರನೆಯ ಬೆಳಿಗ್ಗೆ ಗುರುವಿನ ಎದುರು ಬಂದು ನಿಂತ.

"ಗುರುಗಳೇ, ತರುಕೇತು ಪ್ರಾಣ ಕೊಟ್ಟು ಜನರನ್ನು ಉಳಿಸಿದ. ನಾನು ನಾಲ್ಕು ಮಾತು ಕೊಟ್ಟು ಅಣ್ಣನನ್ನು ಉಳಿಸಿದರೆ ತಪ್ಪೇನು? ಅವನೇ ಇದ್ದಿದ್ದರೆ, ನನ್ನ ಕಥೆ ಹಾಳಾಗಿ ಹೋಗಲಿ, ನಿನ್ನ ಅಣ್ಣನನ್ನು ಬಿಡಿಸಿಕೋ ಅನ್ನುತ್ತಿದ್ದ."

ಕೊಂಬೆಯ ಮೇಲೆ ಬಂಕಯ್ಯನ ಕಂಬಳಿ ಒಣಗುತ್ತಿತ್ತು. ಕಲಿದೇವರು ಅದನ್ನು ತೆಗೆದುಕೊಂಡು ಹೋಗಿ, ದಡದಲ್ಲಿ ನಿಂತಿದ್ದ ದೋಣಿಯವನ ಹೆಗಲಿಗೆ ಹಾಕಿದರು.

"ನಿನಗೆ ಇರಲಿ" ಎಂದರು.

ದೋಣಿಯವನು ಕಂಬಳಿಯನ್ನು ಎರಡೂ ಕಡೆ ತಿರುಗಿಸಿ ನೋಡಿದ. "ಒಳ್ಳೆ ಕಂಬಳಿ, ಸ್ವಾಮೀ. ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಕೈಮುಗಿದು ದೋಣಿ ನೂಕಿದ.

"ಅದು ನನ್ನದು!" ಎಂದ ಬಂಕಯ್ಯ.

"ಹೌದು. ದಾನ ಮಾಡಿ ಮನಸ್ಸಿಗೆ ಹಿತವಾಯಿತು."

"ನನ್ನ ಕಂಬಳಿಯನ್ನು ದಾನ ಮಾಡೋಕೆ ನಿಮಗೆ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ.

ಹೊಳೆ ಹರಿಯುತ್ತಿತ್ತು. ದೋಣಿ ನಡುನೀರಿಗೆ ಹೋಗಿತ್ತು.

ಬಂಕಯ್ಯ ಹೇಳಿದ: "ತರುಕೇತು ತನ್ನದನ್ನು ಕೊಟ್ಟ. ನಾನು ಅವನದನ್ನು ಕೊಡಲು ಹೊರಟಿದ್ದೇನೆ. ಅವನದು ಮಾತ್ರ ಅಲ್ಲ, ನಮ್ಮವರೆಲ್ಲರ ಮಾನವನ್ನೂ."

ಆಮೇಲೆ ಗುರುವಿನ ಕಡೆ ತಿರುಗಿದ.

"ಆದರೆ ಇಷ್ಟು ತಿಳಿದರೆ ಅಣ್ಣನ ಕೋಳ ಕಳಚುತ್ತದೆಯೇ, ಗುರುಗಳೇ?"

"ಇಲ್ಲ."

"ಹಾಗಾದರೆ ತಿಳಿದು ಏನು ಬಂತು?"

"ನಿನ್ನದು ಅಂತ ಏನಿದೆ, ಹುಡುಕು."

"ಹೋಗಬೇಡ ಅನ್ನಿ. ನೀವು ಅಂದರೆ ನಾನು ಹೋಗುವುದಿಲ್ಲ."

"ಅನ್ನುವುದಿಲ್ಲ" ಎಂದರು ಕಲಿದೇವರು. "ನಾನು ಬೇಡ ಅಂದು ನೀನು ನಿಂತರೆ, ನಾಳೆ ಇನ್ನೊಬ್ಬ ಹೋಗು ಅಂದಾಗ ಹೋಗುತ್ತೀಯ."

ಹೆಬ್ಬಾಗಿಲು ನಿಲ್ಲಿಸುವ ಹಿಂದಿನ ದಿನ ಬಂಕಯ್ಯ ಹೊಳೆ ದಾಟಿದ. ಏನು ಹೇಳಬೇಕೆಂದು ಇನ್ನೂ ತೀರ್ಮಾನ ಮಾಡಿರಲಿಲ್ಲ.

ಅಣ್ಣ ಕಲ್ಲು ಹೊರುವವರ ಸಾಲಿನಲ್ಲಿದ್ದ. ಕೋಳದ ಜಾಗದಲ್ಲಿ ಕಾಲಿನ ಚರ್ಮ ಸುಲಿದಿತ್ತು. ತಮ್ಮನನ್ನು ಕಂಡು ಕಲ್ಲು ಇಳಿಸಿದ.

"ಏನೋ ತಮ್ಮಾ, ತೆಳ್ಳಗಾಗಿದ್ದೀಯ. ಗುರುಗಳು ಬರೀ ಕಥೆ ಬಡಿಸ್ತಾರೋ ಹೇಗೆ?"

ಬಂಕಯ್ಯನಿಗೆ ನಗು ಬರಲಿಲ್ಲ. ಗೊಗ್ಗಿ ಹೇಳಿದ್ದನ್ನು ಇದ್ದ ಹಾಗೇ ಹೇಳಿದ.

ಬಾಚಯ್ಯ ಕೇಳಿಸಿಕೊಂಡ. ಅಂಗೈಯ ಬೊಬ್ಬೆಯನ್ನು ಒತ್ತಿ ನೋಡಿಕೊಂಡ.

"ನಾಳೆಯೇ ಬಿಡ್ತಾರಂತೋ?"

"ನಾಳೆಯೇ."

"ಹೂಂ." ಕಾಲಿನ ಕೋಳ ನೋಡಿಕೊಂಡು ಕೇಳಿದ: "ಬಿಟ್ಟರೆ ನಾನು ಎಲ್ಲಿಗೆ ಹೋಗಲಿ?"

"ಮನೆಗೆ, ಅಣ್ಣಾ. ಇನ್ನೆಲ್ಲಿಗೆ?"

"ಮನೆಯಲ್ಲಿ ಮಗಳಿದ್ದಾಳೆ. ಈಗ ಕೋಳ ಇರೋದು ನನ್ನೊಬ್ಬನಿಗೆ, ನಾನು ಒಬ್ಬನ ಹಲ್ಲು ಮುರಿದದ್ದಕ್ಕೆ. ನೀನು ಆ ಕಥೆ ಹೇಳಿದ ಮೇಲೆ ಅವಳನ್ನೂ ಇಲ್ಲಿಗೆ ಕರೀತಾರೆ. ಯಾಕೆ ಅಂದರೆ, ನಿನ್ನ ಅಜ್ಜ ದೇವರಂಥ ಅರಸನನ್ನು ಕೊಲ್ಲಿಸಿದ, ಕಲ್ಲು ಹೊರು ಅಂತಾರೆ. ಅವಳ ಮಗಳನ್ನೂ ಕರೀತಾರೆ. ಯಾರು ಹೇಳಿದ್ದು ಅಂತ ಕೇಳಿದರೆ, ನಿಮ್ಮ ಚಿಕ್ಕಪ್ಪನೇ ಹೇಳಿದ್ದು ಅಂತಾರೆ."

ಬಂಕಯ್ಯ ತಲೆ ತಗ್ಗಿಸಿದ.

"ಆದರೆ ನೀನು ಹೇಳಿದರೂ ನಾನು ಬೈಯಲ್ಲ, ತಿಳ್ಕೋ" ಎಂದ ಬಾಚಯ್ಯ. "ಮನೆಗೆ ಹೋಗೋ ಆಸೆ ನನಗೂ ಇದೆ. ಇಲ್ಲ ಅಂತ ಯಾಕೆ ಸುಳ್ಳು ಹೇಳಲಿ?"

ಕಾವಲಿನವನು ಕೂಗಿದ. ಬಾಚಯ್ಯ ಕಲ್ಲನ್ನು ಮತ್ತೆ ಹೆಗಲಿಗೆ ಎತ್ತಿಕೊಂಡ.

ಮಾರನೆಯ ದಿನ ಹೆಬ್ಬಾಗಿಲು ನಿಂತಿತು. ಅದರ ಮುಂದೆ ಚಪ್ಪರ ಹಾಕಿದ್ದರು. ಚಪ್ಪರದ ಅಡಿಯಲ್ಲಿ ದೊರೆ ಕೂತ. ಅವನ ಪಕ್ಕದ ಮಣೆಯ ಮೇಲೆ ಬಂಕಯ್ಯನನ್ನು ಕೂರಿಸಿ, ತಲೆಗೆ ಪಟ್ಟೆಯ ಪೇಟ ಸುತ್ತಿದರು. ಕಲ್ಲು ಹೊತ್ತವರನ್ನು ಹೊರಗೆ ಬಿಸಿಲಲ್ಲಿ ನಿಲ್ಲಿಸಿದರು. ಕಲಿದೇವರೂ ಬಂದಿದ್ದರು. ಅವರನ್ನು ಯಾರೂ ಒಳಗೆ ಕರೆಯಲಿಲ್ಲ. ಅವರು ಹೊರಗಿನವರ ಜೊತೆ ನಿಂತರು.

ಬಂಕಯ್ಯ ಹುಟ್ಟನ್ನು ಹೇಳಿದ. ದೊರೆ ತಲೆದೂಗಿದ.

ಆಳ್ವಿಕೆಯನ್ನು ಹೇಳಿದ. ಕಿರೀಟಕ್ಕೆ ಮಸಿ ಹತ್ತಿದ ಕಡೆ ಬಿಸಿಲಲ್ಲಿದ್ದವರೆಲ್ಲ ನಕ್ಕರು. ಕಾವಲಿನವರೂ ನಕ್ಕರು. ದೊರೆ ಒಬ್ಬನೇ ನಗಲಿಲ್ಲ.

ಮರಣ ಬಂತು. ಬಂಕಯ್ಯನ ಬಾಯಿ ನಿಂತಿತು.

"ಹೇಳು" ಎಂದ ಗೊಗ್ಗಿ, ಹಲ್ಲಿನ ನಡುವಿನಿಂದ.

ಬಂಕಯ್ಯ ಅಣ್ಣನನ್ನು ನೋಡಿದ. ಬಾಚಯ್ಯ ಬೇರೆ ಕಡೆ ನೋಡುತ್ತಿದ್ದ. ತಮ್ಮನ ಮೇಲೆ ತನ್ನ ಕಣ್ಣಿನ ಭಾರವೂ ಬೀಳಬಾರದು ಎಂಬಂತೆ. ಗುರುವನ್ನು ನೋಡಿದ. ಅವರು ಮರಳಿನ ಮೇಲೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದರು.

"ಈ ಭಾಗವನ್ನು ನಾನು ಇಲ್ಲಿ ಕೂತು ಹೇಳಲಾರೆ" ಎಂದ.

"ಇಲ್ಲಿ ಏನಾಗಿದೆ?" ಎಂದ ದೊರೆ.

"ನೆರಳಿದೆ."

ಪೇಟ ತೆಗೆದು ಮಣೆಯ ಮೇಲಿಟ್ಟ. ಚಪ್ಪರ ದಾಟಿ ಬಿಸಿಲಿಗೆ ಬಂದ. ದೊರೆಗೆ ಬೆನ್ನು ಹಾಕಿ, ಕಲ್ಲು ಹೊತ್ತವರ ಕಡೆ ಮುಖ ಮಾಡಿ ನಿಂತ.

"ಕೇಳಿ. ಧೂಮಾಂಗ ನಮ್ಮವರನ್ನು ಬಯಲಲ್ಲಿ ನಿಲ್ಲಿಸಿದ. ನಮ್ಮವರು ಅಳಲಿಲ್ಲ. ಬರಬೇಡ ಅರಸಾ, ನಾವು ನಿನ್ನ ಮರ ಕದ್ದವರು ಅಂತ ಕೂಗಿದರು. ತರುಕೇತು ಮರಗಳ ಅಂಚಿಗೆ ಬಂದ. ಕದ್ದದ್ದು ನನಗೆ ಗೊತ್ತು, ಅದರ ಲೆಕ್ಕ ನನಗೂ ನಿಮಗೂ ಇರಲಿ, ಇವನು ಯಾರು ನಡುವೆ ಬರಲು ಅಂದ. ಸಾವಿಲ್ಲದ ಅರಸ ನಗುತ್ತ ಅಂದ. ಆಮೇಲೆ ಧೂಮಾಂಗನನ್ನು ನೋಡಿದ. ನೀನು ನನ್ನನ್ನು ಕರೆಸಲಿಲ್ಲ, ಕೇಳಿಸಿಕೋ. ನಿನಗೆ ಆ ಯೋಗ್ಯತೆ ಇಲ್ಲ. ನಾನಾಗಿ ಬರುತ್ತಿದ್ದೇನೆ ಅಂದ. ಯಾರೂ ಅವನನ್ನು ಎಳೆಯಲಿಲ್ಲ. ಯಾರೂ ಮೋಸ ಮಾಡಲಿಲ್ಲ. ಬಲಗಾಲು ಮುಂದಿಟ್ಟ..."

"ಸಾಕು!" ಎಂದು ದೊರೆ ಎದ್ದ.

ಕಾವಲಿನವರು ಬಂಕಯ್ಯನ ಬಾಯಿಗೆ ಬಟ್ಟೆ ತುರುಕಿದರು.

"ಇವನಿಗೆ ಕಲಿಸಿದವನು ಯಾರು?"

"ನಾನು" ಎಂದರು ಕಲಿದೇವರು, ನಿಂತಲ್ಲಿಂದಲೇ.

"ಮುದುಕಾ, ನಿನ್ನ ಕಥೆಯಿಂದ ಇವನು ಅಣ್ಣನನ್ನು ಕಳೆದುಕೊಂಡ."

"ಇಲ್ಲ. ನಿಮ್ಮ ಕಥೆ ಹೇಳಿದ್ದರೆ ಕಳೆದುಕೊಳ್ಳುತ್ತಿದ್ದ."

ಗೊಗ್ಗಿ ಕತ್ತಿಗೆ ಕೈ ಹಾಕಿದ. ದೊರೆ ಬೇಡವೆಂದು ಸನ್ನೆ ಮಾಡಿದ. ಅರ್ಧಕ್ಕೆ ನಿಂತ ಕಥೆಯನ್ನು ಬಾಯಲ್ಲಿಟ್ಟುಕೊಂಡು ಅಷ್ಟು ಜನ ತನ್ನನ್ನೇ ನೋಡುತ್ತಿರುವುದು ಅವನಿಗೆ ಕಂಡಿತ್ತು. ಇವತ್ತು ಇಲ್ಲಿ ರಕ್ತ ಬಿದ್ದರೆ ಉಳಿದರ್ಧವನ್ನು ತಾನೇ ಹೇಳಿಕೊಟ್ಟ ಹಾಗಾಗುತ್ತದೆ ಎಂದು ತಿಳಿಯುವಷ್ಟು ಬುದ್ಧಿ ಅವನಿಗಿತ್ತು.

"ಶಿಷ್ಯನನ್ನು ಅಣ್ಣನ ಪಕ್ಕದಲ್ಲೇ ಕೋಳಕ್ಕೆ ಹಾಕಿ" ಎಂದ. "ಹೆಗಲ ಮೇಲೆ ಕಲ್ಲಿದ್ದರೆ ಮಾತಿಗೆ ಉಸಿರು ಉಳಿಯೋದಿಲ್ಲ. ಮುದುಕನನ್ನು ಬಿಟ್ಟುಬಿಡಿ. ಶಿಷ್ಯನಿಲ್ಲದ ಗುರು ಏನು ಮಾಡ್ತಾನೆ? ಮರಳಿಗೆ ಪಾಠ ಹೇಳ್ತಾನೆ."

ಗೊಗ್ಗಿ ನಕ್ಕ. ಚಪ್ಪರದಲ್ಲಿದ್ದವರೂ ನಕ್ಕರು.

ಮಾರನೆಯ ಮಧ್ಯಾಹ್ನ ಬಂಕಯ್ಯ ಕಲ್ಲಿನ ಸಾಲಿನಲ್ಲಿದ್ದ. ಅವನ ಬಲಗಾಲಿಗೂ ಬಾಚಯ್ಯನ ಎಡಗಾಲಿಗೂ ಒಂದೇ ಸರಪಳಿ.

"ನಿಧಾನಕ್ಕೆ ನಡಿ ಮಾರಾಯ. ನಿನ್ನ ಜೊತೆ ನನ್ನನ್ನೂ ಕೆಡವ್ತೀಯ" ಎಂದ ಬಾಚಯ್ಯ.

"ಅಣ್ಣಾ, ನಿನ್ನನ್ನು ಬಿಡಿಸಲಿಲ್ಲ ನಾನು."

"ಇಲ್ಲ" ಎಂದ ಬಾಚಯ್ಯ. ನಾಲ್ಕು ಹೆಜ್ಜೆ ನಡೆದ ಮೇಲೆ ಹೇಳಿದ: "ಆದರೆ ರಾತ್ರಿ ನಿದ್ದೆ ಬಂತು."

ಆಗ ಸಾಲಿನ ಹಿಂದೆ ಗದ್ದಲವಾಯಿತು. ಕಲಿದೇವರು ಬಂದಿದ್ದರು. ರಾಶಿಯಿಂದ ತಮ್ಮ ಕೈಲಾಗುವ ಕಲ್ಲೊಂದನ್ನು ಆರಿಸಿ, ಹೆಗಲ ಮೇಲಿಟ್ಟುಕೊಂಡು, ಬಂಕಯ್ಯನ ಹಿಂದೆ ಬಂದು ನಿಂತರು.

ಕಾವಲಿನವನು ಓಡಿಬಂದ. ಅವನ ಮುಂದಿನ ಹಲ್ಲು ಮುರಿದಿತ್ತು.

"ಅಜ್ಜಾರೇ, ಏನಿದು? ನಿಮ್ಮನ್ನು ಬಿಟ್ಟಿದ್ದಾರೆ. ಮನೆಗೆ ಹೋಗಿ."

"ನಾನು ಪಾಠ ಹೇಳುವವನು. ಶಿಷ್ಯರು ಎಲ್ಲಿದ್ದಾರೋ ಅಲ್ಲಿರಬೇಕು."

"ಶಿಷ್ಯರು ಅಂತೀರಲ್ಲ, ಇರೋದು ಒಬ್ಬ."

ಅದಕ್ಕೆ ಉತ್ತರ ಕೊಟ್ಟವಳು ಸಾಲಿನ ಮುಂದಿದ್ದ ಒಬ್ಬ ಹೆಂಗಸು. ತಲೆಯ ಮೇಲಿದ್ದ ಜಲ್ಲಿಯ ಬುಟ್ಟಿಯನ್ನು ಇಳಿಸಿ ಬಂಕಯ್ಯನ ಕಡೆ ತಿರುಗಿ ಕೇಳಿದಳು:

"ಬಲಗಾಲು ಮುಂದಿಟ್ಟ ಅಂದಿರಿ ನಿನ್ನೆ. ಆಮೇಲೆ?"

ಅವಳ ಹಿಂದಿನವನು ನಿಂತ. ಅವನ ಹಿಂದಿನವನೂ ನಿಂತ. ಕಲ್ಲುಗಳು ಒಂದೊಂದಾಗಿ ನೆಲಕ್ಕೆ ಇಳಿದವು. ಕೋಟೆಯ ಗೋಡೆಯ ತನಕ ಸಾಲು ನಿಂತುಹೋಯಿತು.

ಕಾವಲಿನವನು ಚಾಟಿ ಎತ್ತಿದ. ಎತ್ತಿದ್ದು ಹಾಗೇ ಇತ್ತು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಹೇಳಿದ: "ಹೇಳೋದಿದ್ದರೆ ಬೇಗ ಹೇಳಿ ಮುಗಿಸಿ. ಪಡೆವಳರು ಬಂದರೆ ನನ್ನ ತಲೆ ಹೋಗುತ್ತೆ." ಮತ್ತೆ ಹೇಳಿದ: "ಆ ಜನರ ಮಕ್ಕಳು ಉಳಿದವೋ ಇಲ್ಲವೋ, ಅಷ್ಟಾದರೂ ಹೇಳಿ."

ಬಂಕಯ್ಯ ಕಲ್ಲು ಇಳಿಸಿದ. ಬಿಸಿಲು ನೇರ ನೆತ್ತಿಗೆ ಬೀಳುತ್ತಿತ್ತು. ಕಾಲಿನಡಿಯ ಜಲ್ಲಿ ಸುಡುತ್ತಿತ್ತು. ಅವನು ಕಾಲು ಎತ್ತಲಿಲ್ಲ.

"ಎಲ್ಲಿಂದ ಹೇಳಲಿ, ಗುರುಗಳೇ? ನಿನ್ನೆ ನಿಲ್ಲಿಸಿದ ಕಡೆಯಿಂದಲೇ?"

ಕಲಿದೇವರು ತಮ್ಮ ಕಲ್ಲನ್ನೂ ನೆಲಕ್ಕೆ ಹಾಕಿದರು. ಕೈಯ ಧೂಳು ಕೊಡವಿಕೊಂಡರು.

"ಹುಟ್ಟಿನಿಂದ ಹೇಳು" ಎಂದರು. "ಗಟ್ಟಿಯಾಗಿ ಹೇಳು. ದೊರೆಯ ಕಿಟಕಿ ಎತ್ತರದಲ್ಲಿದೆ."